ಮೂರನೆಯ ಕಂಬ ನೆಟ್ಟ ನಾವಿಕ

ಮಲ್ಪೆಯ ಬಂದರಿನಿಂದ ಪಡುವಣಕ್ಕೆ ಹೊರಟ ದೋಣಿಯು ಅರ್ಧ ಗಂಟೆಯ ಆಸುಪಾಸಿನಲ್ಲಿ ಒಂದು ವಿಚಿತ್ರವಾದ ನೆಲವನ್ನು ಮುಟ್ಟುತ್ತದೆ. ಶಿಲ್ಪಿಯೊಬ್ಬ ಕಡೆದು, ಒತ್ತೊತ್ತಾಗಿ ನಿಲ್ಲಿಸಿ, ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋದನೋ ಎಂಬಂತೆ ಐದಾರು ಮುಖಗಳ ಕಲ್ಲುಕಂಬಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಅವುಗಳ ಬೆನ್ನಿಗೆ ತೆಂಗಿನ ಮರಗಳು, ದಡದ ತುಂಬ ಚಿಪ್ಪುಗಳು. ತೋನ್ಸೆಪಾರ್ ಎಂದೂ ಸೇಂಟ್ ಮೇರೀಸ್ ದ್ವೀಪ ಎಂದೂ ಕರೆಯಲಾಗುವ ಜಾಗ ಇದು. ಉಬ್ರಾಣಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆಯಿಂದ ಶಾಲಾ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುವ ಪ್ರವಾಸದ ಬಸ್ಸು ಉಡುಪಿಯಲ್ಲಿ ಕೃಷ್ಣದರ್ಶನ ಮುಗಿಸಿದ ಮೇಲೆ ಮಲ್ಪೆಯ ಕಡಲನ್ನು ತೋರಿಸದೆ ಹಿಂದಿರುಗುವುದು ಅಪರೂಪ. ದ್ವೀಪಕ್ಕೆ ಹೋದ ಮಕ್ಕಳಿಗೆ ಒಂದು ಕಥೆ ತಪ್ಪದೆ ಸಿಗುತ್ತದೆ. ಪೋರ್ಚುಗೀಸ್ ನಾವಿಕ ವಾಸ್ಕೋ ಡ ಗಾಮಾ 1498ರಲ್ಲಿ ಭಾರತಕ್ಕೆ ಬಂದಾಗ ಮೊದಲು ಕಾಲಿಟ್ಟದ್ದು ಇಲ್ಲಿ, ಶಿಲುಬೆ ನೆಟ್ಟು ಮೇರಿಮಾತೆಯ ಹೆಸರಿಟ್ಟದ್ದು ಇಲ್ಲಿ, ಕಲ್ಲಿಕೋಟೆಗೆ ಹೋದದ್ದು ಆಮೇಲೆ ಎಂಬುದು ಆ ಕಥೆ.

ಘಟ್ಟದ ಮೇಲಿನವರಿಗೆ ಈ ಕಡಲು ತೀರಾ ಪರಕೀಯವೇನಲ್ಲ. ಚನ್ನಗಿರಿಗೆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ. ಅದೇ ಕೆಳದಿ ವಂಶದ ಬಿದನೂರು ಅರಸ ಬಸಪ್ಪ ನಾಯಕ ಮಲ್ಪೆಯ ಎದುರಿನ ಇನ್ನೊಂದು ದ್ವೀಪದಲ್ಲಿ ಕೋಟೆ ಕಟ್ಟಿಸಿದ. ಅದು ದರಿಯಾ ಬಹದ್ದೂರ್ ಗಡ. ಒಳನಾಡಿನ ಅರಸನೊಬ್ಬ ಸಮುದ್ರದ ನಡುವೆ ಕಾವಲು ಕೂರಿಸಬೇಕಾಗಿ ಬಂದದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ, ಅದಕ್ಕೆ ಇನ್ನೂರು ವರ್ಷ ಹಿಂದೆ ಆಫ್ರಿಕವನ್ನು ಬಳಸಿ ಬಂದ ಮೂರು ಹಡಗುಗಳನ್ನು ತಲುಪುತ್ತೇವೆ. ಆ ಹಡಗುಗಳ ಒಡೆಯನ ಕಥೆಯಲ್ಲಿ ದ್ವೀಪದ ಮಾತು ನಿಜ. ಆದರೆ ಮಾರ್ಗದರ್ಶಿಗಳು ಹೇಳುವ ಕ್ರಮ ಮಾತ್ರ ತಲೆಕೆಳಗಾಗಿದೆ.

ವಾಸ್ಕೋ ಡ ಗಾಮಾ ಹುಟ್ಟಿದ್ದು ಪೋರ್ಚುಗಲ್‌ನ ನೈರುತ್ಯ ಕರಾವಳಿಯ ಸಿನೆಸ್ ಎಂಬ ಸಣ್ಣ ಬಂದರಿನಲ್ಲಿ. ವರ್ಷದ ಬಗ್ಗೆ ಏಕಾಭಿಪ್ರಾಯವಿಲ್ಲ. ಕೆಲವರು 1460 ಎನ್ನುತ್ತಾರೆ, ಕೆಲವರು 1469. ತಂದೆ ಎಸ್ತೆವಾವ್ ಡ ಗಾಮಾ ಆ ಊರಿನ ಕೋಟೆಯ ಅಧಿಕಾರಿ, ತಾಯಿ ಇಸಬೆಲ್ ಸೊದ್ರೆ. ಕುಟುಂಬ ದೊಡ್ಡ ಶ್ರೀಮಂತರದ್ದಲ್ಲ, ರಾಜಸೇವೆಯಿಂದ ಮೇಲೇರಬೇಕಾದವರದ್ದು. ಎಳವೆಯ ಬಗ್ಗೆ ತಿಳಿದುಬರುವುದು ಅತ್ಯಲ್ಪ. 1492ರಲ್ಲಿ ದೊರೆ ಎರಡನೆಯ ಜಾನ್ ಪೋರ್ಚುಗಲ್‌ನ ಬಂದರುಗಳಲ್ಲಿದ್ದ ಫ್ರೆಂಚ್ ಹಡಗುಗಳನ್ನು ಜಪ್ತಿ ಮಾಡುವ ಕೆಲಸವನ್ನು ಇವನಿಗೆ ವಹಿಸಿದ, ಇವನು ಅದನ್ನು ಬೇಗನೆ, ಕಠೋರವಾಗಿ ಮುಗಿಸಿಕೊಟ್ಟ. ಮುಂದೆ ಭಾರತಯಾತ್ರೆಗೆ ಇವನನ್ನೇ ಆರಿಸಿದ್ದೇಕೆ ಎಂದು ಕೇಳುವವರಿಗೆ ಇದಕ್ಕಿಂತ ಹೆಚ್ಚಿನ ಸುಳಿವು ಸಿಗುವುದು ಕಷ್ಟ. ಬೇಕಾಗಿದ್ದವನು ಬರಿಯ ನಾವಿಕನಲ್ಲ, ಹೇಳಿದ್ದನ್ನು ಹಿಂದುಮುಂದು ನೋಡದೆ ಮಾಡಿ ಮುಗಿಸುವವನು.

ಆ ಕಾಲದಲ್ಲಿ ಮಲಬಾರಿನ ಮೆಣಸು ಯೂರೋಪನ್ನು ತಲುಪುತ್ತಿದ್ದ ದಾರಿ ಮೆಡಿಟರೇನಿಯನ್ ಸಮುದ್ರದ್ದು. ಅರಬ್ಬಿ ಸಮುದ್ರ ದಾಟಿ, ಕೆಂಪು ಸಮುದ್ರದ ಮೂಲಕ ಕೈರೊ, ಅಲೆಕ್ಸಾಂಡ್ರಿಯಗಳಿಗೆ ಹೋದ ಸರಕನ್ನು ವೆನಿಸ್ ನಗರದ ವರ್ತಕರು ಕೊಳ್ಳುತ್ತಿದ್ದರು. ಪ್ರತಿ ಕಟ್ಟೆಯಲ್ಲೂ ಸುಂಕ, ಪ್ರತಿ ಕೈಯಲ್ಲೂ ಲಾಭ. ಆ ಸಮುದ್ರದಂಚಿನಲ್ಲಿ ಪಾಲಿಲ್ಲದ ಪೋರ್ಚುಗಲ್, ಆಫ್ರಿಕದ ತುದಿಯನ್ನು ಬಳಸಿ ಹೋಗುವ ಆಸೆಯಲ್ಲಿ ದಶಕಗಳಿಂದ ಹಡಗು ಕಳುಹಿಸುತ್ತಿತ್ತು. 1488ರಲ್ಲಿ ಬಾರ್ತೊಲೊಮಿಯೊ ಡಯಾಸ್ ಆ ತುದಿಯನ್ನು ದಾಟಿಯೂ ಸಿಬ್ಬಂದಿಯ ಹಟಕ್ಕೆ ಮಣಿದು ಹಿಂದಿರುಗಿದ್ದ. ಒಂಬತ್ತು ವರ್ಷಗಳ ಬಳಿಕ ದೊರೆ ಮ್ಯಾನುಯೆಲ್ ಹೊಸ ಯಾತ್ರೆಗೆ ಅಪ್ಪಣೆ ಕೊಟ್ಟ. ಹಡಗು ಕಟ್ಟಿಸುವ ಉಸ್ತುವಾರಿ ಅದೇ ಡಯಾಸನದು. ಆದರೆ ನಾಯಕತ್ವ ಸಂದದ್ದು ಗಾಮಾನಿಗೆ.

1497ರ ಜುಲೈ 8ರಂದು ಲಿಸ್ಬನ್ ನಗರದ ಹೊರವಲಯದ ಬೆಲೆಮ್‌ನಿಂದ ನಾಲ್ಕು ನೌಕೆಗಳು ಹೊರಟವು. ಸಾವ್ ಗೇಬ್ರಿಯೆಲ್‌ನಲ್ಲಿ ವಾಸ್ಕೋ, ಸಾವ್ ರಫೆಲ್‌ನಲ್ಲಿ ಅವನ ಅಣ್ಣ ಪಾವ್ಲೊ, ಬೆರಿಯೊ ಎಂಬ ಚಿಕ್ಕ ಹಡಗಿನಲ್ಲಿ ನಿಕೊಲಾವ್ ಕೊಯೆಲ್ಹೊ, ಜೊತೆಗೊಂದು ಸಾಮಾನಿನ ಹಡಗು. ಒಟ್ಟು ಸುಮಾರು 170 ಮಂದಿ. ಸಾಮಾನಿನ ನಡುವೆ ಮೂರು ಕಲ್ಲಿನ ಕಂಬಗಳೂ ಇದ್ದವು. ಪೋರ್ಚುಗೀಸರು ಹೊಸ ನೆಲ ಕಂಡಲ್ಲೆಲ್ಲ ರಾಜಚಿಹ್ನೆ, ಶಿಲುಬೆಗಳಿದ್ದ ಇಂತಹ ಕಂಬ ನೆಡುವುದು ರೂಢಿ. ಅವರ ಭಾಷೆಯಲ್ಲಿ ಅದು ಪದ್ರಾವ್. ಈ ಮೂರಕ್ಕೂ ಹೊರಡುವ ಮುನ್ನವೇ ದೊರೆ ಹೆಸರು ಗೊತ್ತುಮಾಡಿದ್ದ: ಸಾವ್ ರಫೆಲ್, ಸಾವ್ ಗೇಬ್ರಿಯೆಲ್, ಸಾಂತಾ ಮರಿಯಾ. ಮಲ್ಪೆಯ ದ್ವೀಪದ ಹೆಸರು ಮಲ್ಪೆಯನ್ನು ಕಾಣುವ ಮೊದಲೇ ಲಿಸ್ಬನ್‌ನಲ್ಲಿ ಸಿದ್ಧವಾಗಿತ್ತು.

ಈ ಯಾತ್ರೆಯ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಒಂದೇ ಒಂದು ದಿನಚರಿಯಿಂದ ಬಂದಿದೆ. ಹಡಗಿನಲ್ಲಿದ್ದವನೊಬ್ಬ ಬರೆದಿಟ್ಟದ್ದು, ಅವನು ಅಲ್ವಾರೊ ವೆಲ್ಹೊ ಇರಬಹುದೆಂಬುದು ಊಹೆ. ಅದರ ಹಸ್ತಪ್ರತಿ ಪೋರ್ಚುಗಲ್‌ನಲ್ಲಿ ಉಳಿದುಕೊಂಡು 1838ರಲ್ಲಿ ಅಚ್ಚಾಯಿತು. ಬರೆದವನು ವಿದ್ವಾಂಸನಲ್ಲ. ಕಂಡದ್ದನ್ನು, ಕೇಳಿದ್ದನ್ನು, ತಪ್ಪಾಗಿ ತಿಳಿದದ್ದನ್ನೂ ಹಾಗೆಯೇ ಬರೆದವನು. ಅವನ ಬರಹದ ಬೆಲೆಯೂ ಅದೇ.

ಆಫ್ರಿಕದ ದಡವನ್ನೇ ಹಿಡಿದು ಹೋದರೆ ಎದುರುಗಾಳಿ ಕಾಡುತ್ತದೆ. ಆದ್ದರಿಂದ ಗಾಮಾ ಕೇಪ್ ವರ್ಡ್ ದ್ವೀಪಗಳನ್ನು ಬಿಟ್ಟ ಮೇಲೆ ಅಟ್ಲಾಂಟಿಕ್ ಸಾಗರದ ನಡುವಿಗೆ ದೊಡ್ಡ ಬಳಸುದಾರಿ ಹಿಡಿದು, ಪಶ್ಚಿಮದ ಗಾಳಿ ಸಿಕ್ಕಲ್ಲಿ ಪೂರ್ವಕ್ಕೆ ತಿರುಗಿದ. ಆಗಸ್ಟ್ 3ರಿಂದ ನವೆಂಬರ್ 4ರವರೆಗೆ, ಅಂದರೆ ಮೂರು ತಿಂಗಳು, ನೆಲದ ಗೆರೆ ಕಾಣಲಿಲ್ಲ. ಕೊಲಂಬಸ್ 1492ರಲ್ಲಿ ಕೆನರಿ ದ್ವೀಪಗಳಿಂದ ಅಮೆರಿಕದ ಕಡೆಗೆ ಹೋದಾಗ ಐದು ವಾರ ನೆಲ ಕಾಣದಿದ್ದುದಕ್ಕೇ ಅವನ ಜನ ದಂಗೆಯೇಳುವ ಸ್ಥಿತಿಗೆ ಬಂದಿದ್ದರು. ನವೆಂಬರ್ 22ರಂದು ಗುಡ್ ಹೋಪ್ ಭೂಶಿರವನ್ನು ದಾಟಿದ ಬಳಿಕ ಸಾಮಾನಿನ ಹಡಗನ್ನು ಒಡೆದು ಸುಟ್ಟರು. 1498ರ ಜನವರಿಯಲ್ಲಿ ಈಗಿನ ಮೊಜಾಂಬಿಕ್ ದೇಶದ ನದಿಯೊಂದರ ಮುಖದಲ್ಲಿ ತಿಂಗಳ ಕಾಲ ತಂಗಿದರು. ಕೈಕಾಲು ಬಾತು, ಒಸಡು ಊದಿ ಹಲ್ಲು ಮುಚ್ಚುವ ಸ್ಕರ್ವಿ ರೋಗ ಕಾಣಿಸಿಕೊಂಡದ್ದು ಅಲ್ಲಿ. ಹಣ್ಣು, ತರಕಾರಿ ಇಲ್ಲದ ಊಟದಿಂದ ಬರುವ ರೋಗವೆಂದು ಆಗ ಅವರಿಗೆ ತಿಳಿದಿರಲಿಲ್ಲ. ಸಾವ್ ರಫೆಲ್ ಹೆಸರಿನ ಮೊದಲ ಕಂಬವನ್ನು ಅಲ್ಲಿ ನೆಟ್ಟರು.

ಮೊಜಾಂಬಿಕ್, ಮೊಂಬಾಸಾಗಳಲ್ಲಿ ಜಗಳ, ಗುಂಡು, ಸಂಶಯ. ಮಾಲಿಂದಿಯಲ್ಲಿ ಮಾತ್ರ ಸ್ನೇಹ ದೊರೆಯಿತು, ಕಾರಣ ಮಾಲಿಂದಿಯ ಅರಸನಿಗೆ ಮೊಂಬಾಸಾದವರೊಡನೆ ವೈರವಿತ್ತು. ಅವನು ಕೊಟ್ಟ ಚುಕ್ಕಾಣಿಗಾರನ ನೆರವಿನಿಂದಲೇ ಗಾಮಾ ಅರಬ್ಬಿ ಸಮುದ್ರವನ್ನು 23 ದಿನಗಳಲ್ಲಿ ದಾಟಿದ್ದು. ಆ ಮನುಷ್ಯ ಅರಬ್ಬರ ಪ್ರಸಿದ್ಧ ನೌಕಾಶಾಸ್ತ್ರಜ್ಞ ಇಬ್ನ್ ಮಾಜಿದ್ ಎಂದು ಹಲವು ಪುಸ್ತಕಗಳಲ್ಲಿ ಓದುತ್ತೇವೆ; ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲ. ಅವನು ಗುಜರಾತಿನವನೆಂಬುದೇ ಹೆಚ್ಚು ಸಂಭವ. ಯೂರೋಪಿಗೆ ಹೊಸದಾಗಿದ್ದ ಆ ದಾರಿ ಅವನಿಗೆ ವರ್ಷವರ್ಷದ ದಾರಿ. ಕಂಡುಹಿಡಿದವನೆಂಬ ಬಿರುದು ಮಾತ್ರ ಅವನ ಪಾಲಿಗೆ ಬರಲಿಲ್ಲ.

ಈಗ ಮಲ್ಪೆಯ ಕಥೆಯನ್ನು ಪರೀಕ್ಷಿಸೋಣ. ಮೇ 18ರಂದು ಹಡಗಿನವರಿಗೆ ಎತ್ತರದ ನೆಲ ಕಂಡಿತು. ಅದು ಕಣ್ಣೂರಿನ ಉತ್ತರದ ಏಳಿಮಲೆ ಎಂದು ಗುರುತಿಸುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಸಾಗಿ ಮೇ 20ರಂದು ಕಲ್ಲಿಕೋಟೆಯ ಸಮೀಪ ಲಂಗರು ಇಳಿಸಿದರು. ಮಲ್ಪೆ ಇರುವುದು ಏಳಿಮಲೆಗಿಂತ ಸುಮಾರು 150 ಕಿಲೋಮೀಟರ್ ಉತ್ತರಕ್ಕೆ. ಎರಡು ದಿನಗಳಲ್ಲಿ, ಮಳೆಗಾಲದ ಮುನ್ನಿನ ಬಿರುಗಾಳಿಯಲ್ಲಿ, ಉತ್ತರಕ್ಕೆ ಹೋಗಿ ಕಂಬ ನೆಟ್ಟು ಮತ್ತೆ ಕಲ್ಲಿಕೋಟೆಗೆ ಇಳಿದು ಬರುವುದು ಹಾಯಿಹಡಗಿಗೆ ಸಾಧ್ಯವಿಲ್ಲದ ಮಾತು. ದಿನಚರಿಯಲ್ಲಿ ಅದರ ಸುಳಿವೂ ಇಲ್ಲ. ಬರುವಾಗ ಗಾಮಾ ತುಳುನಾಡಿನ ಕಡಲನ್ನು ಕಾಣಲೇ ಇಲ್ಲ.

ಕಲ್ಲಿಕೋಟೆಯಲ್ಲಿ ಮೊದಲು ದಡಕ್ಕೆ ಕಳುಹಿಸಿದ್ದು ಒಬ್ಬ ಅಪರಾಧಿಯನ್ನು. ಪ್ರಾಣ ಹೋದರೂ ನಷ್ಟವಿಲ್ಲದವನೆಂಬ ಲೆಕ್ಕದಲ್ಲಿ ಇಂತಹವರನ್ನು ಹಡಗಿನಲ್ಲಿ ತರುತ್ತಿದ್ದರು. ಅವನನ್ನು ಎದುರುಗೊಂಡವರು ಮೆಡಿಟರೇನಿಯನ್ ದಡದ ಟ್ಯುನಿಸ್ ನಗರದ ಇಬ್ಬರು ಮುಸ್ಲಿಂ ವರ್ತಕರು. ಅವರಿಗೆ ಸ್ಪೇನಿನ ಭಾಷೆಯೂ ಜಿನೋವಾದ ಮಾತೂ ಬರುತ್ತಿತ್ತು. ಹತ್ತು ತಿಂಗಳು ಅಜ್ಞಾತ ಸಮುದ್ರಗಳನ್ನು ದಾಟಿ ಬಂದವರನ್ನು ಇಲ್ಲಿ ಸ್ವಾಗತಿಸಿದ್ದು ಅವರ ನೆರೆಮನೆಯ ಭಾಷೆ! ಆ ವರ್ತಕರು ಇವರಿಗೆ ಶಾಪ ಹಾಕುತ್ತಲೇ ಬಂದ ಕಾರಣ ವಿಚಾರಿಸಿದರು. ಕ್ರೈಸ್ತರನ್ನೂ ಸಂಬಾರ ಪದಾರ್ಥಗಳನ್ನೂ ಹುಡುಕಿ ಬಂದೆವೆಂಬ ಉತ್ತರ ಸಿಕ್ಕಿತು.

ಹುಡುಕಿದ್ದನ್ನು ಎಲ್ಲೆಡೆ ಕಾಣುವ ಭ್ರಮೆ ಈ ಯಾತ್ರಿಕರಿಗೆ ವಿಪರೀತವಾಗಿತ್ತು. ದಾರಿಯಲ್ಲಿ ಕಂಡ ದೇವಾಲಯವನ್ನು ಇಗರ್ಜಿಯೆಂದೇ ತಿಳಿದು ಗಾಮಾ ಅಲ್ಲಿ ಮೊಣಕಾಲೂರಿ ಪ್ರಾರ್ಥಿಸಿದ. ಗೋಡೆಯ ಚಿತ್ರಗಳಲ್ಲಿನ ದೇವತೆಗಳಿಗೆ ನಾಲ್ಕೈದು ತೋಳುಗಳಿದ್ದುದನ್ನು ದಿನಚರಿಕಾರ ಗಮನಿಸಿದ್ದಾನೆ, ಆದರೂ ಅವರು ಸಂತರೆಂಬ ನಂಬಿಕೆ ಅಲುಗಲಿಲ್ಲ. ಸಾಮೂತಿರಿ ಅರಸನಿಗೆಂದು ತಂದಿದ್ದ ಕಾಣಿಕೆಯ ಪಟ್ಟಿಯನ್ನು ಓದಿದರೆ ಇಂದಿಗೂ ಮುಜುಗರವಾಗುತ್ತದೆ. ಹನ್ನೆರಡು ತುಂಡು ಪಟ್ಟೆಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಸರ ಹವಳ, ಆರು ಕೈತೊಳೆಯುವ ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಚೀನದಿಂದ ಮೆಕ್ಕಾದವರೆಗಿನ ವ್ಯಾಪಾರ ನಡೆಯುತ್ತಿದ್ದ ಪಟ್ಟಣವದು. ಅರಮನೆಯ ಅಧಿಕಾರಿಗಳು ನಕ್ಕರು. ಬಡ ವರ್ತಕನೂ ಇದಕ್ಕಿಂತ ಹೆಚ್ಚು ತರುತ್ತಾನೆಂದು ತಿಳಿಹೇಳಿದರು. ಆ ನಗುವನ್ನು ಗಾಮಾ ಮರೆಯಲಿಲ್ಲವೆಂದು ಕಾಣುತ್ತದೆ. ಸರಕು ಬಿಕರಿಯಾಗಲಿಲ್ಲ, ಸುಂಕದ ವಿಷಯದಲ್ಲಿ ಜಗಳವಾಯಿತು, ದಡದಲ್ಲಿದ್ದ ಅವನ ಜನರನ್ನು ತಡೆಹಿಡಿದರು, ಪ್ರತಿಯಾಗಿ ಅವನೂ ಊರಿನವರನ್ನು ಒತ್ತೆಯಾಗಿ ಹಿಡಿದ. ಎರಡನೆಯ ಕಂಬವಾದ ಸಾವ್ ಗೇಬ್ರಿಯೆಲ್ ಕಲ್ಲಿಕೋಟೆಯಲ್ಲೇ ಉಳಿಯಿತು. ಆಗಸ್ಟ್ 29ರಂದು, ಕೆಲವು ಒತ್ತೆಯಾಳುಗಳನ್ನು ಬಿಡದೆ ಜೊತೆಗೊಯ್ದು, ಗಾಮಾ ಹೊರಟುಬಿಟ್ಟ.

ಹೊರಟ ಕಾಲ ಸರಿಯಿರಲಿಲ್ಲ. ಅರಬ್ಬಿ ಸಮುದ್ರವನ್ನು ಪಶ್ಚಿಮಕ್ಕೆ ದಾಟಲು ಈಶಾನ್ಯ ಮಾರುತ ಬೇಕು. ಅದು ನೆಲೆಗೊಳ್ಳುವುದು ನವೆಂಬರ್‌ನ ನಂತರ. ಇದನ್ನು ಬಲ್ಲ ನಾವಿಕರು ಬಂದರಿನಲ್ಲೇ ಕಾಯುತ್ತಿದ್ದರು. ಗಾಮಾ ಕಾಯಲಾರದೆ ಹೊರಟವನು. ನೆಲದ ಗಾಳಿ, ಕಡಲ ಗಾಳಿಗಳನ್ನು ಆಗಾಗ ಹಿಡಿಯುತ್ತ ಹಡಗುಗಳು ಉತ್ತರಕ್ಕೆ ತೆವಳಿದವು. ಹೀಗೆ ತೆವಳುತ್ತ ಸೆಪ್ಟೆಂಬರ್ 15ರಂದು ದಡದಿಂದ ಎರಡು ಹರದಾರಿ ದೂರದ ಕೆಲವು ಪುಟ್ಟ ದ್ವೀಪಗಳ ಬಳಿ ಬಂದವು. ಮಲ್ಪೆಯ ಎದುರಿನ ದ್ವೀಪಗಳು ಇವೇ ಎಂದು ವಿದ್ವಾಂಸರು ಗುರುತಿಸಿದ್ದಾರೆ.

ದಿನಚರಿಯ ಆ ಕೆಲವೇ ಸಾಲುಗಳಲ್ಲಿ ನಮ್ಮ ಕರಾವಳಿಯ ಜನ ಮೊದಲ ಬಾರಿಗೆ ಪೋರ್ಚುಗೀಸರ ಬರಹದೊಳಗೆ ಬರುತ್ತಾರೆ. ಹಡಗುಗಳನ್ನು ಕಂಡು ದೋಣಿಗಳಲ್ಲಿ ಮೀನು ತುಂಬಿಕೊಂಡು ಬಂದವರು ಅವರು. ಭಯವಿರಲಿಲ್ಲ, ಆಯುಧವಿರಲಿಲ್ಲ, ಮಾರಾಟದ ಉತ್ಸಾಹವಿತ್ತು. ಗಾಮಾ ಅವರಿಗೆ ಅಂಗಿಗಳನ್ನು ಕೊಡಿಸಿದ. ದ್ವೀಪದ ಮೇಲೊಂದು ಕಂಬ ನೆಟ್ಟರೆ ಸಂತೋಷವೇ ಎಂದು ವಿಚಾರಿಸಿದ. ಅವರು ಬಹಳ ಸಂತೋಷವೆಂದರಂತೆ, ಅದರಿಂದ ಇವರೂ ತಮ್ಮಂತೆ ಕ್ರೈಸ್ತರೆಂಬುದು ಖಚಿತವಾಗುತ್ತದೆ ಎಂದರಂತೆ! ತುಳು ನುಡಿದಿರಬಹುದಾದ ಬೆಸ್ತರು, ಪೋರ್ಚುಗೀಸ್ ನುಡಿಯುವ ನಾವಿಕ, ನಡುವೆ ಅರಬ್ಬಿ ಬಲ್ಲ ದುಭಾಷಿ ಇದ್ದಿರಬಹುದು. ಯಾರು ಏನು ಕೇಳಿದರು, ಯಾರಿಗೆ ಏನು ಅರ್ಥವಾಯಿತು ಎಂಬುದನ್ನು ಓದುಗರೇ ಊಹಿಸಬಹುದು. ದೋಣಿಯಿಳಿಸಿ, ಕಲ್ಲನ್ನು ಸಾಗಿಸಿ, ಮೂರನೆಯ ಹಾಗೂ ಕೊನೆಯ ಕಂಬವನ್ನು ನೆಟ್ಟರು. ದೊರೆಯ ಪಟ್ಟಿ ಮುಗಿಯಿತು, ದ್ವೀಪಕ್ಕೆ ಸಾಂತಾ ಮರಿಯಾ ಎಂಬ ಹೆಸರು ಅಂಟಿತು. ಆ ನೆಲ ಆಗ ವಿಜಯನಗರದ ಬಾರಕೂರು ರಾಜ್ಯಕ್ಕೆ ಸೇರಿತ್ತು; ಹಂಪಿಯಲ್ಲಿ ಇಮ್ಮಡಿ ನರಸಿಂಹನ ಹೆಸರಿನಲ್ಲಿ ನರಸ ನಾಯಕ ಆಡಳಿತ ನಡೆಸುತ್ತಿದ್ದ. ತಮ್ಮ ದ್ವೀಪವೊಂದರ ಮೇಲೆ ಪರದೇಶದ ರಾಜಚಿಹ್ನೆ ಎದ್ದದ್ದು ಅವರ ಗಮನಕ್ಕೆ ಬಂದಿತ್ತೆಂದು ಹೇಳಲು ಆಧಾರವಿಲ್ಲ.

ನಿಂತದ್ದು ಎಂತಹ ಕಲ್ಲಿನ ಮೇಲೆ ಎಂಬುದು ಗಾಮಾನಿಗೆ ತಿಳಿಯುವಂತಿರಲಿಲ್ಲ. ಮೆಡಿಟರೇನಿಯನ್‌ನ ಸ್ಟ್ರಾಂಬೋಲಿಯಂತಹ ಜ್ವಾಲಾಮುಖಿ ದ್ವೀಪ ಇಂದಿಗೂ ಕೆಂಡ ಕಾರುತ್ತದೆ. ಅದನ್ನು ಗುರುತಿಸಲು ಶಾಸ್ತ್ರ ಬೇಡ, ಕಣ್ಣು ಸಾಕು. ಮಲ್ಪೆಯ ದ್ವೀಪದ ಬೆಂಕಿ ಆರಿ ಸುಮಾರು 8.8 ಕೋಟಿ ವರ್ಷಗಳಾಗಿವೆ. ಭೂಮಿಯೊಳಗಿನಿಂದ ಉಕ್ಕಿದ ದಪ್ಪನೆಯ ಲಾವಾ ತಣಿಯುತ್ತ ಕುಗ್ಗಿತು, ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರು ಬಿರುಕು ಬಿಡುವಂತೆ ಬಿರುಕು ಬಿಟ್ಟಿತು, ಬಿರುಕುಗಳು ಕೆಳಗಿಳಿದಂತೆ ಆರು ಮುಖದ ಕಂಬಗಳು ಬೇರ್ಪಟ್ಟವು. ಇದನ್ನು ಬಸಾಲ್ಟ್ ಎಂದು ಕರೆಯುವ ವಾಡಿಕೆಯಿದೆ. ರಾಸಾಯನಿಕವಾಗಿ ಇದು ಸಿಲಿಕ ಹೆಚ್ಚಾಗಿರುವ ರಯೊಲೈಟ್, ಡೇಸೈಟ್ ಜಾತಿಯ ಶಿಲೆ. ಉತ್ತರ ಕರ್ನಾಟಕವನ್ನೂ ಮಹಾರಾಷ್ಟ್ರವನ್ನೂ ಹೊದ್ದಿರುವ ದಖ್ಖನ್ನಿನ ಕಪ್ಪು ಲಾವಾಕ್ಕಿಂತ ಎರಡು ಕೋಟಿ ವರ್ಷಗಳಿಗೂ ಹೆಚ್ಚು ಹಳೆಯದು. ಈ ಲಾವಾ ಹರಿದ ಕಾಲದಲ್ಲಿ ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಬೇರೆಯಾಗತೊಡಗಿತ್ತು. ಅದೇ ವಯಸ್ಸಿನ ಲಾವಾ ಅಲ್ಲಿಯೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವುದು ಈ ಕಾರಣಕ್ಕೆ, ಗಾಮಾನ ಕಾರಣಕ್ಕಲ್ಲ. ಮಡಗಾಸ್ಕರ್‌ನ ಪಡುವಣ ಕಡಲಿನಲ್ಲೇ ಉತ್ತರಕ್ಕೆ ಸಾಗಿಬಂದಿದ್ದ ಗಾಮಾನ ದಿನಚರಿಯಲ್ಲಿ ಆ ಮಹಾದ್ವೀಪದ ದರ್ಶನದ ಮಾತಿಲ್ಲ. ಅದನ್ನು ಮೊದಲು ಕಂಡ ಪೋರ್ಚುಗೀಸನೆಂಬ ಹೆಸರು 1500ರಲ್ಲಿ ಡಿಯೊಗೊ ಡಯಾಸನದಾಯಿತು.

ಮಲ್ಪೆಯಿಂದ ಮುಂದೆ ಸಾಗಿ ಸೆಪ್ಟೆಂಬರ್ 20ರಂದು ಹಡಗುಗಳು ಕಾರವಾರದ ಬಳಿಯ ಅಂಜದೀವ ದ್ವೀಪಕ್ಕೆ ಬಂದವು. ದ್ವೀಪವನ್ನು ನಿಜಕ್ಕೂ ಸುತ್ತಿ ನೋಡಿದ್ದು ಇಲ್ಲಿ. ಸಿಹಿನೀರಿನ ಸೆಲೆ, ಕಲ್ಲುಕಟ್ಟಡದ ಕೊಳ, ಪಾಳುಬಿದ್ದ ಗುಡಿ ಸಿಕ್ಕವು. ಕಾಡು ದಾಲ್ಚಿನ್ನಿಯ ಕೊಂಬೆಗಳನ್ನು ಕಡಿದು ತುಂಬಿಕೊಂಡರು. ಹಡಗುಗಳನ್ನು ದಡಕ್ಕೆ ವಾಲಿಸಿ ತಳ ಕೆರೆದು ದುರಸ್ತಿ ಮಾಡಿದರು. ಅಷ್ಟರಲ್ಲಿ ಸುಮಾರು ನಲವತ್ತು ವರ್ಷದ ಒಬ್ಬ ವ್ಯಕ್ತಿ ಬಂದು, ವೆನಿಸ್ಸಿನ ಭಾಷೆಯಲ್ಲಿ ನಿರರ್ಗಳವಾಗಿ ಮಾತನಾಡಿ, ಗಾಮಾನನ್ನು ಅಪ್ಪಿಕೊಂಡು ಸ್ನೇಹ ಬೆಳೆಸಿದ. ಸಂಶಯ ಬಂದು ಹಿಡಿದು ಹೊಡೆದಾಗ, ಅವನು ಗೋವೆಯ ಒಡೆಯನ ಸೇವೆಯಲ್ಲಿದ್ದು ಗೂಢಚಾರಿಕೆಗೆ ಬಂದವನೆಂದು ತಿಳಿಯಿತು. ಯೆಹೂದಿ ಮೂಲದ ಈತನನ್ನು ಲಿಸ್ಬನ್ನಿಗೆ ಒಯ್ದು ಗಾಸ್ಪರ್ ಡ ಗಾಮಾ ಎಂಬ ಹೆಸರಿಟ್ಟು ಕ್ರೈಸ್ತನನ್ನಾಗಿಸಿದರು. ಮುಂದಿನ ಪೋರ್ಚುಗೀಸ್ ನೌಕಾಪಡೆಗೆ ಇವನೇ ದುಭಾಷಿಯಾದ. ಅಕ್ಟೋಬರ್ 5ರಂದು ಅಂಜದೀವವನ್ನು ಬಿಟ್ಟರು. ಇಂದು ಭಾರತೀಯ ನೌಕಾಪಡೆಯ ವಶದಲ್ಲಿರುವ ಈ ದ್ವೀಪ 1961ರ ಡಿಸೆಂಬರ್‌ವರೆಗೂ ಪೋರ್ಚುಗೀಸರ ಕೈಯಲ್ಲಿತ್ತು. ಬಿಡಿಸಿಕೊಳ್ಳುವಾಗ ನಮ್ಮ ಏಳು ಮಂದಿ ನಾವಿಕರು ಪ್ರಾಣ ತೆತ್ತರು.

ಹೋಗುವಾಗ 23 ದಿನ ಹಿಡಿದಿದ್ದ ಸಮುದ್ರ ಹಿಂದಿರುಗುವಾಗ ಮೂರು ತಿಂಗಳು ತೆಗೆದುಕೊಂಡಿತು. ಕಾಯದೆ ಹೊರಟದ್ದಕ್ಕೆ ದಂಡ ಕಟ್ಟಿದವರು ಸಾಮಾನ್ಯ ನಾವಿಕರು. ಸ್ಕರ್ವಿಯಿಂದ ಆ ಒಂದು ದಾಟಿನಲ್ಲೇ 30 ಮಂದಿ ಸತ್ತರು. ಹಡಗಿಗೆ ಏಳೆಂಟು ಮಂದಿ ಮಾತ್ರ ಕೆಲಸ ಮಾಡುವ ಸ್ಥಿತಿಯಲ್ಲಿದ್ದರು. ನಡೆಸಲು ಜನರಿಲ್ಲದೆ ಸಾವ್ ರಫೆಲ್ ಹಡಗನ್ನು ಆಫ್ರಿಕದ ದಡದಲ್ಲಿ ಸುಟ್ಟರು. ಲಿಸ್ಬನ್ ಹತ್ತಿರವಾದಾಗ ಪಾವ್ಲೊ ಹಾಸಿಗೆ ಹಿಡಿದಿದ್ದ. ವಾಸ್ಕೋ ತನ್ನ ಹಡಗನ್ನು ಇತರರಿಗೆ ಒಪ್ಪಿಸಿ, ಅಣ್ಣನನ್ನು ವೇಗದ ನೌಕೆಯಲ್ಲಿ ಕರೆದೊಯ್ಯಲು ಯತ್ನಿಸಿದ. ಅವನು ಅಝೋರ್ಸ್‌ನ ತೆರ್ಸೇರಾ ದ್ವೀಪದಲ್ಲಿ ತೀರಿಕೊಂಡ. ಅದೂ ಒಂದು ಜ್ವಾಲಾಮುಖಿ ದ್ವೀಪ. ಗೆಲುವಿನ ಸುದ್ದಿಯನ್ನು ಮೊದಲು ಮುಟ್ಟಿಸಿದವನು 1499ರ ಜುಲೈ 10ರಂದು ತಲುಪಿದ ಕೊಯೆಲ್ಹೊ. ಗಾಮಾ ಬಂದದ್ದು ವಾರಗಳ ಅನಂತರ, ಅಣ್ಣನನ್ನು ಮಣ್ಣು ಮಾಡಿ. ಹೊರಟವರಲ್ಲಿ ಮನೆ ಕಂಡವರು ಸುಮಾರು ಮೂರನೆಯ ಒಂದು ಪಾಲು. ಈ ಒಂದು ಸಂದರ್ಭದಲ್ಲಿ ಗಾಮಾ ನಮಗೆ ಮನುಷ್ಯನಾಗಿ ಹತ್ತಿರ ಬರುತ್ತಾನೆ. ಮತ್ತೆ ಹಾಗೆ ಬರುವುದು ಕಡಿಮೆ.

ಅವನಿಗೆ ಪದವಿ, ಪಿಂಚಣಿ, ಹಿಂದೂ ಮಹಾಸಾಗರದ ಅಡ್ಮಿರಲ್ ಎಂಬ ಬಿರುದು ದೊರೆತವು. ಕ್ಯಾತರೀನಾ ದೆ ಅತಾಯಿದೆಯನ್ನು ಮದುವೆಯಾದ. ಈ ನಡುವೆ 1500ರಲ್ಲಿ ಕಬ್ರಾಲ್‌ನ ನೇತೃತ್ವದಲ್ಲಿ ಬಂದ ಎರಡನೆಯ ಪಡೆ ಕಲ್ಲಿಕೋಟೆಯಲ್ಲಿ ಅರಬ್ಬರ ಹಡಗೊಂದನ್ನು ಹಿಡಿದು ಗಲಭೆ ಹುಟ್ಟಿಸಿತು; ಗಲಭೆಯಲ್ಲಿ ಸುಮಾರು ಐವತ್ತು ಪೋರ್ಚುಗೀಸರು ಸತ್ತರು. ಸೇಡು ತೀರಿಸಲು 1502ರಲ್ಲಿ ಗಾಮಾ ಮತ್ತೆ ಹೊರಟ. ಈ ಬಾರಿ ಇಪ್ಪತ್ತರಷ್ಟು ಹಡಗುಗಳು, ತುಂಬ ಫಿರಂಗಿಗಳು. ನಗುವವರು ಯಾರೂ ಇರಬಾರದೆಂಬ ಸಿದ್ಧತೆ.

ಕನ್ನಡ ಕರಾವಳಿ ಈ ಎರಡನೆಯ ಗಾಮಾನನ್ನೂ ಕಂಡಿದೆ. ಅಂಜದೀವಕ್ಕೆ ಬಂದು ತಂಗಿದ ಪಡೆ ಹೊನ್ನಾವರ, ಭಟ್ಕಳಗಳ ಮೇಲೆ ಕೈ ಮಾಡಿತೆಂದೂ, ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಭಟ್ಕಳ ಬಂದರು ಪ್ರತಿವರ್ಷ ಅಕ್ಕಿಯನ್ನು ಕಪ್ಪವಾಗಿ ಕೊಡಲು ಒಪ್ಪಬೇಕಾಯಿತೆಂದೂ ಪೋರ್ಚುಗೀಸ್ ಚರಿತ್ರಕಾರ ಕೊರೆಯಾ ಬರೆದಿದ್ದಾನೆ. ಬಳಿಕ ಕಣ್ಣೂರಿನ ಬಳಿ, ಅಕ್ಟೋಬರ್ ಮೊದಲಲ್ಲಿ, ಮೆಕ್ಕಾಯಾತ್ರೆ ಮುಗಿಸಿ ಹಿಂದಿರುಗುತ್ತಿದ್ದ ಮೀರಿ ಎಂಬ ಹಡಗನ್ನು ಗಾಮಾ ತಡೆದ. ಅದರಲ್ಲಿ ವರ್ತಕರು, ಯಾತ್ರಿಕರು, ಹೆಂಗಸರು, ಮಕ್ಕಳು. ಸಂಖ್ಯೆಯ ಲೆಕ್ಕ ಒಂದೊಂದು ಬರಹದಲ್ಲಿ ಒಂದೊಂದು ಬಗೆ, ಇನ್ನೂರಕ್ಕೆ ಕಡಿಮೆಯಿಲ್ಲ. ಅವರು ಹೊನ್ನು ಕೊಡುವೆವೆಂದರು, ಅವನು ಒಪ್ಪಲಿಲ್ಲ. ಸರಕನ್ನು ಇಳಿಸಿಕೊಂಡು ಹಡಗಿಗೆ ಬೆಂಕಿ ಇಡಿಸಿದ. ತಾಯಂದಿರು ಒಡವೆಗಳನ್ನೂ ಕೂಸುಗಳನ್ನೂ ಎತ್ತಿ ಹಿಡಿದು ತೋರಿಸಿ ಜೀವಭಿಕ್ಷೆ ಬೇಡಿದರೆಂದು ಬರೆದವನು ಶತ್ರುವಲ್ಲ, ಗಾಮಾನ ಪಡೆಯಲ್ಲೇ ಇದ್ದ ತೊಮೆ ಲೋಪೆಸ್. ತನ್ನ ಬದುಕಿನ ಎಲ್ಲ ದಿನಗಳಲ್ಲೂ ಇದನ್ನು ಮರೆಯಲಾರೆನೆಂಬ ಭಾವ ಅವನ ಬರಹದಲ್ಲಿದೆ. ಕೆಲವು ಮಕ್ಕಳನ್ನು ಮಾತ್ರ ಉಳಿಸಿ ಮತಾಂತರಕ್ಕೆ ಒಯ್ದರು.

ನವೆಂಬರ್ ಆರಂಭದಲ್ಲಿ ಕಲ್ಲಿಕೋಟೆಯ ಮುಂದೆ ನಿಂತು, ಮುಸ್ಲಿಂ ವರ್ತಕರೆಲ್ಲರನ್ನೂ ಹೊರಹಾಕಬೇಕೆಂದು ಸಾಮೂತಿರಿಗೆ ಷರತ್ತು ಕಳುಹಿಸಿದ. ಒಪ್ಪಿಗೆ ಬರಲಿಲ್ಲ. ಸಮುದ್ರದಲ್ಲಿ ಸಿಕ್ಕ ಮೀನುಗಾರರೂ ಸೇರಿದಂತೆ ಮೂವತ್ತಕ್ಕೂ ಹೆಚ್ಚು ಮಂದಿಯನ್ನು ಹಾಯಿಮರದ ಅಡ್ಡತೊಲೆಗಳಿಗೆ ನೇಣು ಹಾಕಿಸಿದ. ಕೈಕಾಲು, ತಲೆಗಳನ್ನು ಕಡಿಸಿ ದೋಣಿಯಲ್ಲಿ ತುಂಬಿಸಿ ಒಂದು ಪತ್ರದೊಡನೆ ದಡಕ್ಕೆ ತೇಲಿಬಿಡಿಸಿದ. ಅನಂತರ ಪಟ್ಟಣದ ಮೇಲೆ ಗುಂಡಿನ ಮಳೆ. ಮಲ್ಪೆಯ ಕಡಲಿನಲ್ಲಿ ಮೀನು ತಂದವರಿಗೆ ಅಂಗಿ ಕೊಡಿಸಿ ನಾಲ್ಕು ವರ್ಷ ಕಳೆದಿತ್ತು. ದೋಣಿಯವರು ಅದೇ ತರಹದವರು, ಅವರ ಬುಟ್ಟಿಯ ಮೀನೂ ಅದೇ. ಪ್ರವಾಸಿಗರಿಗೆ ಹೇಳುವ ಕಥೆ 1498ರಲ್ಲೇ ನಿಂತುಬಿಡುತ್ತದೆ. ಆ ಕಥೆಯಲ್ಲಿ ನನಗಿರುವ ದೊಡ್ಡ ತಕರಾರು ದಿನಾಂಕದ್ದಲ್ಲ, ಇದು.

ಎರಡನೆಯ ಯಾತ್ರೆಯ ನಂತರ ಇಪ್ಪತ್ತು ವರ್ಷ ಗಾಮಾ ಸಮುದ್ರಕ್ಕೆ ಇಳಿಯಲಿಲ್ಲ. ಹುಟ್ಟೂರು ಸಿನೆಸ್ ತನಗೆ ಬೇಕೆಂದು ಹಟ ಹಿಡಿದು, ಅದರ ಒಡೆತನ ಹೊಂದಿದ್ದ ಸಂತಿಯಾಗೊ ಪಂಥದೊಡನೆ ಜಗಳವಾಡಿ, ಕೊನೆಗೆ ಊರನ್ನೇ ಬಿಡಬೇಕಾಯಿತು. 1519ರಲ್ಲಿ ವಿದಿಗೇರಾದ ಕೌಂಟ್ ಪದವಿ ದೊರೆಯಿತು. ಇತ್ತ ಭಾರತದಲ್ಲಿ ಪೋರ್ಚುಗೀಸ್ ಅಧಿಕಾರಿಗಳ ಲಂಚಕೋರತನ ಮಿತಿಮೀರಿದಾಗ, ದೊರೆ ಮೂರನೆಯ ಜಾನ್ 1524ರಲ್ಲಿ ಮುದುಕನನ್ನು ವೈಸರಾಯ್ ಮಾಡಿ ಕಳುಹಿಸಿದ. ಭಾರತದ ದಡ ಸಮೀಪಿಸಿದಾಗ ಗಾಳಿಯಿಲ್ಲದ ರಾತ್ರಿ ಹಡಗುಗಳು ಒಮ್ಮೆಲೇ ಅದುರಿದವು. ಜನ ಹೆದರಿ ಚೀರಿದರು. ಅದು ಸಮುದ್ರದಡಿಯ ಭೂಕಂಪ. ತಮ್ಮನ್ನು ಕಂಡು ಸಮುದ್ರವೇ ನಡುಗುತ್ತಿದೆ ಎಂದು ಗಾಮಾ ಧೈರ್ಯ ಹೇಳಿದನಂತೆ.

ಅಧಿಕಾರ ನಡೆಸಿದ್ದು ಮೂರು ತಿಂಗಳು. ಗೋವೆಯಲ್ಲಿ, ಕೊಚ್ಚಿಯಲ್ಲಿ ಅಧಿಕಾರಿಗಳನ್ನು ಬಂಧಿಸಿದ, ಲೆಕ್ಕ ಕೇಳಿದ. ಅಪ್ಪಣೆ ಮೀರಿ ಹಡಗಿನಲ್ಲಿ ಅಡಗಿ ಬಂದಿದ್ದ ಮೂವರು ಹೆಂಗಸರಿಗೆ ಗೋವೆಯ ಬೀದಿಯಲ್ಲಿ ಛಡಿಯೇಟು ಹಾಕಿಸಿದ. ಸಾಯುವ ಮುನ್ನ ಅದಕ್ಕಾಗಿ ಮರುಗಿ ಅವರಿಗೆ ಹಣ ಬಿಟ್ಟು ಹೋದನೆಂದು ಕೊರೆಯಾ ಹೇಳುತ್ತಾನೆ. ಮೀರಿ ಹಡಗಿನವರ ನೆನಪು ಬಂದಿತ್ತೇ ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. 1524ರ ಡಿಸೆಂಬರ್ 24ರಂದು, ಕ್ರಿಸ್‌ಮಸ್ ಮುನ್ನಾದಿನ, ಕೊಚ್ಚಿಯಲ್ಲಿ ಅವನು ತೀರಿಕೊಂಡ. ಫೋರ್ಟ್ ಕೊಚ್ಚಿಯ ಸಂತ ಫ್ರಾನ್ಸಿಸ್ ಇಗರ್ಜಿಯಲ್ಲಿ ಹೂಳಿದ ದೇಹವನ್ನು ಸುಮಾರು ಹದಿನೈದು ವರ್ಷಗಳ ಬಳಿಕ ಪೋರ್ಚುಗಲ್‌ಗೆ ಒಯ್ದು ವಿದಿಗೇರಾದಲ್ಲಿ ಮಣ್ಣು ಮಾಡಿದರು. 1880ರಲ್ಲಿ ಅಲ್ಲಿಂದಲೂ ಎತ್ತಿ, ಮೊದಲ ಯಾತ್ರೆ ಹೊರಟಿದ್ದ ಬೆಲೆಮ್‌ನ ಜೆರೊನಿಮೊಸ್ ಮಠಕ್ಕೆ ತಂದರು.

ಕೊಚ್ಚಿಯ ಇಗರ್ಜಿಯಲ್ಲಿ ಬರಿದಾದ ಸಮಾಧಿಯ ಕಲ್ಲಿಗೆ ಸುತ್ತ ಕಂಬಿ ಕಟ್ಟಿ ತೋರಿಸುತ್ತಾರೆ. ಆಫ್ರಿಕದ ಮಾಲಿಂದಿಯಲ್ಲಿ ಅವನ ಹೆಸರಿನ ಕಂಬವೊಂದು ಇಂದಿಗೂ ಕಡಲಿಗೆ ಮುಖಮಾಡಿ ನಿಂತಿದೆ. ಮಲ್ಪೆಯ ದ್ವೀಪದಲ್ಲಿ ಸಾಂತಾ ಮರಿಯಾ ಕಂಬ ಕಾಣಸಿಗುವುದಿಲ್ಲ. ಅಲ್ಲಿ ನಿಂತಿರುವ ಕಂಬಗಳೆಲ್ಲ ಲಾವಾದವು. ಮಳೆಗಾಲದ ತಿಂಗಳುಗಳಲ್ಲಿ ಕಡಲು ಉಕ್ಕುವುದರಿಂದ ಪ್ರವಾಸಿಗರ ದೋಣಿಗಳು ಅತ್ತ ಸುಳಿಯುವುದಿಲ್ಲ. ಗಾಮಾ ಬಂದಿಳಿದ ಸೆಪ್ಟೆಂಬರ್ ಕಳೆದು ಅಲೆ ತಗ್ಗಿದ ಮೇಲೆ ಮಲ್ಪೆಯವರು ಮತ್ತೆ ದೋಣಿ ಹೊರಡಿಸುತ್ತಾರೆ.